ಲ್ಯಾಪ್‌ಟಾಪ್ ಕೈಕೊಟ್ಟರೆ ಸಂಘದ ಕಡತಗಳ ಗತಿಯೇನು?

ಆತುರಪಟ್ಟರೆ ನಷ್ಟ, ತಾಳ್ಮೆಯಿದ್ದರೆ ಲಾಭ: ಹೊರನಾಡ ಸಂಘ-ಸಂಸ್ಥೆಗಳ ಪದಾಧಿಕಾರಿಗಳು ತಿಳಿದಿರಬೇಕಾದ ಸಂಗತಿಗಳು

ಅಂಬರನಾಥ: ವಾರ್ಷಿಕ ಮಹಾಸಭೆಗೆ ಇನ್ನು ಮೂರೇ ದಿನ. ಲೆಕ್ಕಪತ್ರ, ಸದಸ್ಯರ ಪಟ್ಟಿ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳ ವಿವರ, ಅಚ್ಚಿಗೆ ಹೋಗಬೇಕಾದ ಸ್ಮರಣ ಸಂಚಿಕೆಯ ಲೇಖನಗಳು ಎಲ್ಲವೂ ಕಾರ್ಯದರ್ಶಿಯವರ ಮನೆಯ ಒಂದೇ ಲ್ಯಾಪ್‌ಟಾಪಿನಲ್ಲಿವೆ. ರಾತ್ರಿ ಊಟ ಮುಗಿಸಿ ಗುಂಡಿ ಒತ್ತಿದರೆ ಪರದೆ ಕಪ್ಪು. ಮತ್ತೆ ಒತ್ತಿದರೂ ಅದೇ ಕಪ್ಪು. ಅಲ್ಲಿಂದ ಶುರುವಾಗುವುದು ಫೋನ್ ಕರೆಗಳ ಸರಮಾಲೆ. ಒಬ್ಬರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಹೊಸತೇ ಕೊಳ್ಳಿ ಎನ್ನುತ್ತಾರೆ, ಮತ್ತೊಬ್ಬರು ನಾಲ್ಕು ಸಲ ಬಡಿದು ನೋಡಿ ಎನ್ನುತ್ತಾರೆ.

ಅಂಬರನಾಥ, ಉಲ್ಲಾಸನಗರ, ಕಲ್ಯಾಣ್, ಡೊಂಬಿವಲಿಯಿಂದ ಹಿಡಿದು ನವಿಮುಂಬಯಿಯ ತನಕ ಯಾವ ಕನ್ನಡ ಸಂಘದಲ್ಲೂ ನಡೆಯಬಹುದಾದ ಮಾತಿದು. 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಮುಂಬಯಿಯಲ್ಲಿ ಹುಟ್ಟಿದ ಕಾಲದಲ್ಲಿ ಸಂಘದ ನೆನಪೆಂದರೆ ದಪ್ಪ ರಟ್ಟಿನ ನಡಾವಳಿ ಪುಸ್ತಕ. ಅದು ಗೆದ್ದಲು ಹಿಡಿಯಬಹುದಿತ್ತು, ಆದರೆ ತೆರೆಯುವುದಿಲ್ಲ ಎಂದು ಹಟ ಹಿಡಿಯುತ್ತಿರಲಿಲ್ಲ. ಇಂದು ಹೆಚ್ಚಿನ ಸಂಘಗಳ ನೆನಪು ಕಂಪ್ಯೂಟರಿನೊಳಗೆ ಸೇರಿಕೊಂಡಿದೆ. ಆದುದರಿಂದ ಅದು ಕೈಕೊಟ್ಟಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಪ್ರತಿಯೊಬ್ಬ ಪದಾಧಿಕಾರಿಯೂ ತಿಳಿದಿರುವುದು ಒಳಿತು.

ಯಂತ್ರ ಬೇರೆ, ಕಡತ ಬೇರೆ

ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು ಒಂದೇ. ಲ್ಯಾಪ್‌ಟಾಪ್ ಶುರುವಾಗುತ್ತಿಲ್ಲ ಎಂದ ಮಾತ್ರಕ್ಕೆ ಕಡತಗಳು ಹೋದವು ಎಂದರ್ಥವಲ್ಲ. ಮನೆಯ ಬಾಗಿಲಿನ ಬೀಗ ಕೆಟ್ಟರೆ ಒಳಗಿನ ಕಪಾಟು ಖಾಲಿಯಾಗುವುದಿಲ್ಲ ತಾನೇ? ಪರದೆ, ಬ್ಯಾಟರಿ, ಚಾರ್ಜರ್, ಮದರ್‌ಬೋರ್ಡ್, ವಿಂಡೋಸ್ ತಂತ್ರಾಂಶ ಇವುಗಳಲ್ಲಿ ಯಾವುದು ಕೆಟ್ಟರೂ ಯಂತ್ರ ನಿಲ್ಲುತ್ತದೆ. ಆದರೆ ಕಡತಗಳು ಇರುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂಬ ಬೇರೆಯೇ ಭಾಗದಲ್ಲಿ.

ಇದಕ್ಕೆ ಇತ್ತೀಚಿನ ದೊಡ್ಡ ನಿದರ್ಶನ 2024ರ ಜುಲೈ 19ರದ್ದು. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ದೋಷಪೂರಿತ ಕಡತದಿಂದಾಗಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಆದರೆ ಆ ಯಂತ್ರಗಳೊಳಗಿನ ಕಡತಗಳಿಗೆ ಏನೂ ಆಗಿರಲಿಲ್ಲ. ಸೇಫ್ ಮೋಡ್ ಎಂಬ ಹಿಂಬಾಗಿಲಿನಿಂದ ಒಳಗೆ ಹೋಗಿ ಆ ಒಂದು ಕಡತವನ್ನು ಅಳಿಸಿದೊಡನೆ ಯಂತ್ರಗಳು ಮತ್ತೆ ಎದ್ದವು. ಅಂದು ಗಾಬರಿಯಿಂದ ಫಾರ್ಮ್ಯಾಟ್ ಮಾಡಿದ್ದರೆ ಆಗುತ್ತಿದ್ದ ನಷ್ಟ ಊಹೆಗೂ ನಿಲುಕದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಗುಂಡಿ ಒತ್ತಿದಾಗ ದೀಪವೇ ಬಾರದಿದ್ದರೆ ಮೊದಲು ಗೋಡೆಯ ಸಾಕೆಟನ್ನು, ಬಳಿಕ ಚಾರ್ಜರನ್ನು ಪರೀಕ್ಷಿಸಬೇಕು. ಅದೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚಿನ ಸಾಮರ್ಥ್ಯದ ಇನ್ನೊಂದು ಚಾರ್ಜರ್ ಸಿಕ್ಕರೆ ಹಾಕಿ ನೋಡಬೇಕು. ಪಿನ್ ಹೊಂದಿತೆಂದು ಯಾವುದೋ ಚಾರ್ಜರ್ ಸಿಕ್ಕಿಸುವುದು ಅಪಾಯಕರ. ನಂತರ ಚಾರ್ಜರ್ ತೆಗೆದು, ಕಳಚಬಹುದಾದ ಬ್ಯಾಟರಿಯಾಗಿದ್ದರೆ ಅದನ್ನೂ ಕಳಚಿ, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಇಳಿದು ಹೋಗಿ ಎಷ್ಟೋ ಯಂತ್ರಗಳು ಇಷ್ಟಕ್ಕೇ ಎಚ್ಚರಗೊಳ್ಳುತ್ತವೆ. ಬ್ಯಾಟರಿ ಉಬ್ಬಿ ಕೀಬೋರ್ಡ್ ಮೇಲೆದ್ದಿದ್ದರೆ ಮಾತ್ರ ಈ ಯಾವ ಪ್ರಯೋಗವೂ ಬೇಡ. ಚಾರ್ಜಿಗೆ ಹಾಕದೆ, ಒತ್ತದೆ, ಚುಚ್ಚದೆ ನೇರವಾಗಿ ದುರಸ್ತಿಯವರಲ್ಲಿಗೆ ಒಯ್ಯಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ.

ದೀಪ ಬಂದು, ಫ್ಯಾನಿನ ಸದ್ದೂ ಕೇಳಿಸುತ್ತಿದ್ದು ಪರದೆ ಮಾತ್ರ ಕಪ್ಪಗಿದ್ದರೆ ಕ್ಯಾಪ್ಸ್ ಲಾಕ್ ಗುಂಡಿ ಒತ್ತಿ ನೋಡಬೇಕು. ಅದರ ದೀಪ ಹತ್ತಿ ಆರಿದರೆ ಒಳಗೆ ಯಂತ್ರ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. ಟಾರ್ಚಿನ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಟ್ಟಾಗ ಮಸುಕು ಚಿತ್ರ ಕಂಡರೆ ಹೋಗಿರುವುದು ಹಿಂಬೆಳಕು ಮಾತ್ರ. ಮನೆಯ ಟಿವಿಗೆ ಎಚ್‌ಡಿಎಂಐ ತಂತಿಯಿಂದ ಜೋಡಿಸಿದರೆ ಚಿತ್ರ ಟಿವಿಯಲ್ಲಿ ಬರುತ್ತದೆ. ಅಲ್ಲಿಂದಲೇ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲಿಸಿಕೊಂಡು ಆಮೇಲೆ ಪರದೆಯ ದುರಸ್ತಿ ಮಾಡಿಸಿದರಾಯಿತು.

ಎಲ್ಲ ಕತ್ತಲೆ, ಬೀಪ್ ಸದ್ದು ಮಾತ್ರ ಕೇಳುತ್ತಿದ್ದರೆ ಅಥವಾ ದೀಪ ಲೆಕ್ಕ ಹಿಡಿದಂತೆ ಮಿನುಗುತ್ತಿದ್ದರೆ ಅದೂ ಯಂತ್ರದ ಭಾಷೆಯೇ. ಎಷ್ಟು ಬಾರಿ ಮಿನುಗಿತು ಎಂದು ಬರೆದಿಟ್ಟುಕೊಂಡರೆ ದುರಸ್ತಿ ಮಾಡುವವರಿಗೆ ಅರ್ಧ ಕೆಲಸ ಮುಗಿದಂತೆ. ಬಹಳ ಸಲ ಇದರ ಅರ್ಥ ರ‍್ಯಾಮ್ ಸಡಿಲವಾಗಿದೆ ಎಂಬುದು. ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದರೆ ಸರಿಹೋಗುತ್ತದೆ.

ಕಂಪೆನಿಯ ಲಾಂಛನದ ತನಕ ಬಂದು ಅಲ್ಲೇ ಸುತ್ತುತ್ತಿದ್ದರೆ ಅಥವಾ ನೀಲಿ ಪರದೆ ಬಂದರೆ ದೋಷ ಹೆಚ್ಚಾಗಿ ವಿಂಡೋಸಿನದ್ದು. ಎರಡು ಮೂರು ಬಾರಿ ಆರಂಭ ಅರ್ಧಕ್ಕೆ ನಿಂತರೆ ವಿಂಡೋಸ್ ತಾನಾಗಿಯೇ ದುರಸ್ತಿ ಪರದೆಯನ್ನು ತೆರೆಯುತ್ತದೆ. ಅದರಲ್ಲಿ ಸ್ಟಾರ್ಟ್‌ಅಪ್ ರಿಪೇರ್, ಸೇಫ್ ಮೋಡ್, ಇತ್ತೀಚಿನ ಅಪ್‌ಡೇಟ್ ತೆಗೆಯುವ ಸೌಲಭ್ಯ ಇವೆಲ್ಲ ಇವೆ. ಆದರೆ ಅಲ್ಲೇ ಪಕ್ಕದಲ್ಲಿ ರಿಸೆಟ್ ಎಂಬ ಆಯ್ಕೆಯೂ ಇದೆ. ಅದರೊಳಗಿನ 'ರಿಮೂವ್ ಎವ್ರಿಥಿಂಗ್' ಎಂಬುದನ್ನು ಒತ್ತಿದರೆ ಹೆಸರೇ ಹೇಳುವಂತೆ ಎಲ್ಲವೂ ಹೋಗುತ್ತದೆ. 'ಕೀಪ್ ಮೈ ಫೈಲ್ಸ್' ಎಂಬುದು ಸ್ವಂತ ಕಡತಗಳನ್ನು ಉಳಿಸಿದರೂ ನಂತರ ಸೇರಿಸಿದ ತಂತ್ರಾಂಶಗಳನ್ನು ಅಳಿಸುತ್ತದೆ. ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಇದರ ಬಿಸಿ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಮೊದಲು ಕಡತ, ಆಮೇಲೆ ದುರಸ್ತಿ

ಇಲ್ಲಿರುವ ಸೂತ್ರ ಸರಳ. ಯಂತ್ರವನ್ನು ಸರಿಪಡಿಸುವ ಮೊದಲು ಕಡತಗಳನ್ನು ಹೊರತೆಗೆಯಬೇಕು. ಅದಕ್ಕೆ ಮೂರು ದಾರಿಗಳಿವೆ.

ಒಂದನೆಯದು, ದುರಸ್ತಿ ಪರದೆಯಲ್ಲೇ ಇರುವ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ನೋಟ್‌ಪ್ಯಾಡ್ ಎಂದು ಬರೆದು ಎಂಟರ್ ಒತ್ತುವುದು. ತೆರೆದ ನೋಟ್‌ಪ್ಯಾಡಿನಲ್ಲಿ ಫೈಲ್, ಓಪನ್ ಎಂದು ಹೋಗಿ ಎಲ್ಲ ಬಗೆಯ ಕಡತ ತೋರಿಸುವಂತೆ ಆರಿಸಿಕೊಂಡರೆ ಡಿಸ್ಕಿನ ಫೋಲ್ಡರುಗಳು ಕಾಣಿಸುತ್ತವೆ. ಬೇಕಾದ ಫೋಲ್ಡರನ್ನು ಕಾಪಿ ಮಾಡಿ ಪೆನ್‌ಡ್ರೈವಿನಲ್ಲಿ ಪೇಸ್ಟ್ ಮಾಡಬಹುದು. ಇಲ್ಲಿ ಸಿ ಡ್ರೈವ್ ಎಂಬುದು ಡಿ ಅಥವಾ ಇ ಎಂದು ಕಾಣಿಸಿಕೊಳ್ಳಬಹುದು. ಅದಕ್ಕೆ ಗಾಬರಿ ಬೇಡ.

ಎರಡನೆಯದು, ಇನ್ನೊಂದು ಕಂಪ್ಯೂಟರಿನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ತಂತ್ರಾಂಶವನ್ನು 8 ಜಿಬಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಕೆಟ್ಟ ಲ್ಯಾಪ್‌ಟಾಪನ್ನು ಅದರಿಂದಲೇ ಶುರುಮಾಡುವುದು. 'ಇನ್‌ಸ್ಟಾಲ್' ಒತ್ತದೆ 'ಟ್ರೈ' ಎಂಬುದನ್ನು ಮಾತ್ರ ಒತ್ತಿದರೆ ಡಿಸ್ಕನ್ನು ಮುಟ್ಟದೆ ಯಂತ್ರ ಚಾಲನೆಯಾಗುತ್ತದೆ. ಅಲ್ಲಿಂದ ಕಡತಗಳನ್ನು ಇನ್ನೊಂದು ಡ್ರೈವಿಗೆ ನಕಲಿಸಬಹುದು.

ಮೂರನೆಯದು, ಡಿಸ್ಕನ್ನೇ ಬಿಚ್ಚಿ ತೆಗೆದು ಇನ್ನೊಂದು ಕಂಪ್ಯೂಟರಿಗೆ ಜೋಡಿಸುವುದು. ಹಳೆಯ ಎರಡೂವರೆ ಇಂಚಿನ ಹಾರ್ಡ್ ಡಿಸ್ಕಿಗೆ ಸಾಟಾ-ಯುಎಸ್‌ಬಿ ತಂತಿ ಸಾಕು. ಹೊಸ ಯಂತ್ರಗಳ ಚ್ಯೂಯಿಂಗ್ ಗಮ್ ಪಟ್ಟಿಯಂತಹ ಎಂ.2 ಎಸ್‌ಎಸ್‌ಡಿಗೆ ಬೇರೆ ಬಗೆಯ ಪೆಟ್ಟಿಗೆ ಬೇಕು. ಅದರಲ್ಲೂ ಸಾಟಾ, ಎನ್‌ವಿಎಂಇ ಎಂಬ ಎರಡು ಜಾತಿಗಳಿರುವುದರಿಂದ ಡಿಸ್ಕಿನ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಇತ್ತೀಚಿನ ಮ್ಯಾಕ್‌ಬುಕ್‌ಗಳಲ್ಲಿ ಮತ್ತು ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಬೋರ್ಡ್ ಜೀವಂತವಾಗದೆ ಕಡತ ಸಿಗದು.

48 ಅಂಕೆಗಳ ಬೀಗದ ಕೈ ಯಾರ ಬಳಿ?

ಇದೇ ಹಂತದಲ್ಲಿ ಬಹಳ ಮಂದಿ ಎಡವುವ ಕಲ್ಲೊಂದಿದೆ. ಅದರ ಹೆಸರು ಬಿಟ್‌ಲಾಕರ್. ಲ್ಯಾಪ್‌ಟಾಪ್ ಕಳವಾದರೂ ಕಳ್ಳನಿಗೆ ಕಡತ ಸಿಗದಿರಲೆಂದು ಡಿಸ್ಕನ್ನೇ ಗೂಢಲಿಪಿಯಲ್ಲಿಡುವ ವ್ಯವಸ್ಥೆಯಿದು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಬಳಿಕ, ಹೊಸ ಯಂತ್ರವನ್ನು ಮೈಕ್ರೋಸಾಫ್ಟ್ ಖಾತೆಯಿಂದ ಮೊದಲು ತೆರೆಯುವಾಗಲೇ ಈ ಬೀಗ ಸಾಮಾನ್ಯವಾಗಿ ತಾನಾಗಿಯೇ ಬಿದ್ದುಬಿಡುತ್ತದೆ. ಮದರ್‌ಬೋರ್ಡ್ ಬದಲಿಸಿದಾಗ, ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗ 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಎಂತಹ ನಿಪುಣನೂ ಕೈಚೆಲ್ಲಬೇಕಾಗುತ್ತದೆ.

ಆ ಅಂಕೆಗಳು ಇರುವುದು ಯಂತ್ರವನ್ನು ಮೊದಲು ತೆರೆದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಸಂಘದ ಲ್ಯಾಪ್‌ಟಾಪನ್ನು ಕೊಂಡ ದಿನ ತೆರೆದವರು ಯಾರು? ಹಿಂದಿನ ಅವಧಿಯ ಕಾರ್ಯದರ್ಶಿಯೇ? ಅವರು ಈಗ ನಿವೃತ್ತರಾಗಿ ಊರು ಸೇರಿದ್ದಾರೆಯೇ? ಅವರ ಮಗ ಹಾಕಿಕೊಟ್ಟ ಖಾತೆಯೇ? ಮಗ ಈಗ ವಿದೇಶದಲ್ಲಿದ್ದಾನೆಯೇ? ಪದಾಧಿಕಾರಿಗಳು ಬದಲಾದಾಗ ಚೆಕ್ ಪುಸ್ತಕ, ಮೊಹರು, ಬ್ಯಾಂಕಿನ ಸಹಿ ಹಸ್ತಾಂತರವಾಗುತ್ತವೆ. ಈ 48 ಅಂಕೆಗಳೂ ಅದೇ ದಿನ ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಸಂಘದ ಕಪಾಟಿಗೆ ಸೇರಬೇಕು. ಇಂದೇ ಮಾಡಬಹುದಾದ, ಖರ್ಚಿಲ್ಲದ ಕೆಲಸವಿದು.

ಟಿಕ್ ಟಿಕ್ ಸದ್ದು ಬಂದರೆ ನಿಲ್ಲಿಸಿ

1956ರಲ್ಲಿ ಐಬಿಎಂ ಸಂಸ್ಥೆ ತಂದ ಮೊದಲ ಹಾರ್ಡ್ ಡಿಸ್ಕ್ ಘಟಕದಲ್ಲಿ 50 ತಟ್ಟೆಗಳಿದ್ದವು. ಸುಮಾರು ಒಂದು ಟನ್ ತೂಗುವ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು 5 ಎಂಬಿ, ಅಂದರೆ ಇಂದಿನ ಮೊಬೈಲಿನ ಒಂದೆರಡು ಫೋಟೋ. ಗಾತ್ರ ಕುಗ್ಗಿದರೂ ತತ್ತ್ವ ಬದಲಾಗಿಲ್ಲ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತದೆ. ಓದುವ ಮುಳ್ಳು ಅದರ ಮೇಲೆ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ಕೆಳಗೆ ಬಿದ್ದ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ಆ ಮುಳ್ಳು ದಾರಿ ತಪ್ಪಿದೆ ಎಂದರ್ಥ. ಮತ್ತೆ ಮತ್ತೆ ಶುರುಮಾಡಿ ನೋಡಿದಷ್ಟೂ ತಟ್ಟೆ ಗೀಚಿ ಹೋಗುತ್ತದೆ. ಮುಚ್ಚಳ ತೆರೆದರೆ ಒಂದು ಧೂಳಿನ ಕಣವೇ ಸಾಕು. ಫ್ರಿಜ್ಜಿನಲ್ಲಿಡುವುದು, ಮೆಲ್ಲಗೆ ತಟ್ಟುವುದು ಮುಂತಾದ ಕೈಮದ್ದುಗಳೆಲ್ಲ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತವೆ. ವಿಂಡೋಸಿನ ಚೆಕ್ ಡಿಸ್ಕ್ ಕೂಡ ಸಾಯುತ್ತಿರುವ ಡಿಸ್ಕಿಗೆ ತಕ್ಕ ಔಷಧವಲ್ಲ. ಅದು ಡಿಸ್ಕನ್ನು ಇನ್ನಷ್ಟು ದುಡಿಸುತ್ತದೆ. ಧೂಳುರಹಿತ ಕೊಠಡಿಯುಳ್ಳ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಕೊಡುವುದೊಂದೇ ದಾರಿ. ಅದು ದುಬಾರಿ. ಆದುದರಿಂದ ಮೊದಲೇ ಅಂದಾಜು ಪಟ್ಟಿ ಬರೆಸಿಕೊಳ್ಳಬೇಕು.

ಕೈತಪ್ಪಿ ಅಳಿಸಿದ ಕಡತದ ಕಥೆ ಬೇರೆ. ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದು ಹಾಕಿದಂತೆ. ಆಸಾಮಿ ಇನ್ನೂ ಕೋಣೆಯಲ್ಲೇ ಇರುತ್ತಾನೆ. ಇನ್ನೊಬ್ಬರು ಬಂದು ಆ ಕುರ್ಚಿಯಲ್ಲಿ ಕುಳಿತುಕೊಳ್ಳುವ ತನಕ ಅವನನ್ನು ಕರೆತರಬಹುದು. ಹಾಗಾಗಿ ಅಳಿಸಿದ ಕೂಡಲೇ ಯಂತ್ರದ ಬಳಕೆ ನಿಲ್ಲಿಸಬೇಕು. ಮರಳಿ ಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಹಾಕಲೇಬಾರದು. ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಬೇರೆ ಪೆನ್‌ಡ್ರೈವಿನಿಂದ ನಡೆಸಿ, ಸಿಕ್ಕಿದ್ದನ್ನು ಇನ್ನೊಂದು ಡ್ರೈವಿನಲ್ಲಿ ಉಳಿಸಬೇಕು. ಅದು ಕಡತಗಳನ್ನು ಕೊಡುತ್ತದೆ, ಹಳೆಯ ಹೆಸರುಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಸಾವಿರಾರು ಚಿತ್ರಗಳ ನಡುವೆ ಹುಡುಕುವ ತಾಳ್ಮೆ ಬೇಕು. ಎಸ್‌ಎಸ್‌ಡಿಯಲ್ಲಾದರೋ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಗುಡಿಸಿಬಿಡುವುದರಿಂದ ಅವಕಾಶ ತೀರಾ ಕಡಿಮೆ.

ಮಳೆಗಾಲದ ಪಾಠ

ಈ ಪರಿಸರದವರಿಗೆ ನೀರಿನ ಭಯ ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾದಾಗ ಉಲ್ಲಾಸ್ ನದಿ ಉಕ್ಕಿ ಬದಲಾಪುರದಿಂದ ಕಲ್ಯಾಣ್ ತನಕ ಹಾಹಾಕಾರವೆದ್ದಿತ್ತು. 2019ರ ಜುಲೈ 27ರಂದು ಬದಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ಸಿಲುಕಿ, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ರಕ್ಷಿಸಬೇಕಾಯಿತು. ಪುರಾತನ ಶಿವಮಂದಿರದ ಮಗ್ಗುಲಲ್ಲೇ ಹರಿಯುವ ವಾಲಧುನಿ ನದಿಯೂ ಮಳೆಗಾಲದಲ್ಲಿ ಸುಮ್ಮನಿರುವುದಿಲ್ಲ. ನೆಲಮಹಡಿಯ ಕಚೇರಿಯ ಕಪಾಟಿನ ಕೆಳಗಿನ ಖಾನೆ ಲ್ಯಾಪ್‌ಟಾಪಿಗಾಗಲೀ ಬ್ಯಾಕಪ್ ಡಿಸ್ಕಿಗಾಗಲೀ ತಕ್ಕ ಜಾಗವಲ್ಲ.

ನೀರು ಬಿದ್ದ ಯಂತ್ರವನ್ನು ಕೂಡಲೇ ಆರಿಸಿ, ಚಾರ್ಜರ್ ತೆಗೆದು, ತಲೆಕೆಳಗು ಮಾಡಿ ಇಡಬೇಕು. ಕೆಲಸ ಮಾಡುತ್ತದೆಯೇ ಎಂದು ನೋಡಲು ಮತ್ತೆ ಶುರುಮಾಡುವುದೇ ದೊಡ್ಡ ತಪ್ಪು. ನೀರಿಗಿಂತ ನೀರಿನೊಂದಿಗೆ ಹರಿಯುವ ವಿದ್ಯುತ್ತು ಬೋರ್ಡನ್ನು ಸುಡುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಧೂಳು ಸೇರುವುದೇ ಹೊರತು ಪ್ರಯೋಜನವಿಲ್ಲ. ಪ್ರವಾಹದ ನೀರಲ್ಲಿ ಮುಳುಗಿದ ಹಾರ್ಡ್ ಡಿಸ್ಕನ್ನು ಬಿಸಿಲಿಗೋ ಹೇರ್ ಡ್ರೈಯರಿಗೋ ಹಿಡಿಯಬಾರದು. ಕೆಸರು ತಟ್ಟೆಗೆ ಒಣಗಿ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಇದ್ದಂತೆಯೇ ಪ್ರಯೋಗಾಲಯಕ್ಕೆ ತಲುಪಿಸಬೇಕು.

ಆಸೆ ಬಿಡಬೇಕಾಗಿಲ್ಲ ಎಂಬುದಕ್ಕೂ ಉದಾಹರಣೆಯಿದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿಯನ್ನು ಬಲಿತೆಗೆದುಕೊಂಡ ಕೊಲಂಬಿಯಾ ನೌಕೆಯ ಅವಶೇಷಗಳಲ್ಲಿ ಸುಟ್ಟು ಕರಕಲಾದ ಹಾರ್ಡ್ ಡಿಸ್ಕೊಂದು ಸಿಕ್ಕಿತ್ತು. ತಜ್ಞರು ಅದರ ತಟ್ಟೆಗಳನ್ನು ಶುಚಿಗೊಳಿಸಿ ಶೇ. 99ರಷ್ಟು ಮಾಹಿತಿಯನ್ನು ಹೊರತೆಗೆದರು. ಅದರಲ್ಲಿದ್ದ ವೈಜ್ಞಾನಿಕ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಕಡತ ಸಿಕ್ಕಿತು, ಕನ್ನಡ ಎಲ್ಲಿ?

ಎಲ್ಲ ಕಷ್ಟಪಟ್ಟು ಹಳೆಯ ಡಿಸ್ಕಿನಿಂದ ಸ್ಮರಣ ಸಂಚಿಕೆಯ ಲೇಖನ ಹೊರಗೆ ಬಂತೆನ್ನೋಣ. ತೆರೆದರೆ ಕನ್ನಡವೇ ಇಲ್ಲ. ಮೀಸೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಿದವರೂ ಇದ್ದಾರು. ನಿಜಕ್ಕೂ ಅದು ಕೆಟ್ಟಿರುವುದಿಲ್ಲ.

ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದಲ್ಲಿ ಕನ್ನಡ ಸೇರಿದ್ದು 1991ರ ಅದರ ಮೊದಲ ಆವೃತ್ತಿಯಲ್ಲೇ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಯೂನಿಕೋಡ್ ಅಕ್ಷರ ವಿನ್ಯಾಸದೊಂದಿಗೆ ಬಂತು. ಆದರೆ ಅಚ್ಚುಕೂಟಗಳು, ಸಂಘಗಳು ಅದಕ್ಕೂ ಬಹಳ ಕಾಲ ಬಳಸುತ್ತಿದ್ದುದು ನುಡಿ, ಬರಹ, ಶ್ರೀಲಿಪಿ, ಆಕೃತಿ ಮುಂತಾದವನ್ನು. ಅವುಗಳ ಹಳೆಯ ಅಕ್ಷರ ವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಅಕ್ಷರ ವಿನ್ಯಾಸ ಯಂತ್ರದಲ್ಲಿದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ವಿಂಡೋಸನ್ನು ಹೊಸದಾಗಿ ಹಾಕಿಸಿದಾಗ 'ನುಡಿ 01 ಇ', 'ಬಿಆರ್‌ಎಚ್ ಕನ್ನಡ' ಮುಂತಾದವು ಅಳಿಸಿ ಹೋಗುವುದರಿಂದ ಉಳಿದ ಕಡತಗಳೂ ಸತ್ತಂತೆ ತೋರುತ್ತವೆ.

ಪರಿಹಾರ ಕಷ್ಟದ್ದಲ್ಲ. ಕಡತಗಳನ್ನು ತೆಗೆಯುವಾಗ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬ ಫೋಲ್ಡರನ್ನೂ ನಕಲಿಸಿಕೊಳ್ಳಬೇಕು. ಹೊಸ ಯಂತ್ರದಲ್ಲಿ ಆ ಅಕ್ಷರ ವಿನ್ಯಾಸವನ್ನು ಸೇರಿಸಿ, ಲೇಖನವನ್ನು ಪೂರ್ತಿ ಆರಿಸಿ ಅದೇ ಹೆಸರನ್ನು ಕೊಟ್ಟರೆ ಕನ್ನಡ ಮರಳಿ ಮೂಡುತ್ತದೆ. ಬಳಿಕ ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ಬದಲಿಸಿ ಇಟ್ಟರೆ ಮುಂದೆ ಯಾವ ಮೊಬೈಲಿನಲ್ಲೂ ಓದಬಹುದು, ಹೆಸರು ಹಾಕಿ ಹುಡುಕಬಹುದು. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು. ಹಳೆಯ ವಿನ್ಯಾಸದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. 'ಕರ್ನಾಟಕ', 'ಕಾರ್ಯದರ್ಶಿ' ಎಂಬಂತಹ ಪದಗಳಲ್ಲಿ ತಪ್ಪು ನುಸುಳುವುದು ಇಲ್ಲಿಯೇ. ಮೂಲ ಕಡತವನ್ನೂ ಅಳಿಸದೆ ಜತೆಗಿಟ್ಟುಕೊಳ್ಳುವುದು ಜಾಣತನ.

ಅಂಗಡಿಗೆ ಕೊಡುವ ಮುನ್ನ

ಅಂಬರನಾಥದವರಿಗೆ ದುರಸ್ತಿಗೆ ಪಕ್ಕದ ಉಲ್ಲಾಸನಗರವಿದೆ, ಕಲ್ಯಾಣ್ ಇದೆ. ಅಲ್ಲಿ ಆಗದ್ದಕ್ಕೆ ಲೋಕಲ್ ಹಿಡಿದು ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯ ತನಕ ಹೋಗುವುದು ಹಳೆಯ ವಾಡಿಕೆ. ಎಲ್ಲಿಗೇ ಒಯ್ದರೂ ಕೆಲವು ಎಚ್ಚರಗಳು ಬೇಕು. 'ಕಡತ ಮುಖ್ಯ, ಕೇಳದೆ ಫಾರ್ಮ್ಯಾಟ್ ಮಾಡಬಾರದು' ಎಂದು ರಸೀದಿಯ ಮೇಲೆ ಬರೆಸಬೇಕು. ಯಂತ್ರದ ಮತ್ತು ಡಿಸ್ಕಿನ ಕ್ರಮಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ಪರದೆ ಅಥವಾ ಕೀಬೋರ್ಡ್ ಮಾತ್ರ ಬದಲಿಸುವುದಾದರೆ ಡಿಸ್ಕನ್ನು ಬಿಚ್ಚಿಸಿ ಮನೆಯಲ್ಲಿಟ್ಟುಕೊಳ್ಳಬಹುದು. ಬದಲಿಸಿದ ಹಳೆಯ ಡಿಸ್ಕನ್ನು ಮರಳಿ ಕೇಳಿ ಪಡೆಯಬೇಕು.

ಸದಸ್ಯರ ವಿಳಾಸ, ದೂರವಾಣಿ, ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಬಂದ ಆಧಾರ್ ಪ್ರತಿ, ಮಕ್ಕಳ ಅಂಕಪಟ್ಟಿ ಇವೆಲ್ಲ ಸಂಘದ ಮೇಲಿನ ನಂಬಿಕೆಯಿಂದ ಜನ ಕೊಟ್ಟವು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಬಂದಿದೆ. ಅವಸರದ ಫಾರ್ಮ್ಯಾಟ್ ಮಾಡಿ ಗುಜರಿಗೆ ಮಾರಿದ ಹಾರ್ಡ್ ಡಿಸ್ಕಿನಿಂದ ಇವನ್ನು ಹೊರತೆಗೆಯುವುದು ಕಷ್ಟವೇನಲ್ಲ. ಪೂರ್ತಿ ಅಳಿಸಿಯೇ, ಇಲ್ಲವೇ ಡಿಸ್ಕನ್ನು ಮುರಿದೇ ಇ-ತ್ಯಾಜ್ಯಕ್ಕೆ ಕೊಡಬೇಕು.

ಇನ್ನೊಂದು ಮಾತು. ಕಡತ ಸಿಗಲೇ ಇಲ್ಲವೆಂದು ಕೈಕಟ್ಟಿ ಕೂರುವ ಮೊದಲು ಅದು ಬೇರೆಲ್ಲಿ ಇರಬಹುದು ಎಂದು ಯೋಚಿಸಬೇಕು. ಕಳುಹಿಸಿದ ಇಮೇಲ್, ಸಮಿತಿಯ ವಾಟ್ಸ್‌ಆ್ಯಪ್ ಗುಂಪು, ಒನ್‌ಡ್ರೈವ್, ಲೆಕ್ಕ ಪರಿಶೋಧಕರ ಕಚೇರಿ, ಸಂಚಿಕೆ ಮುದ್ರಿಸಿದ ಪ್ರೆಸ್ಸು, ಚ್ಯಾರಿಟಿ ಕಮಿಷನರ್ ಕಚೇರಿಗೆ ಸಲ್ಲಿಸಿದ ಪ್ರತಿ ಹೀಗೆ ಹತ್ತು ಕಡೆ ಸಂಘದ ತುಣುಕುಗಳು ಹರಡಿರುತ್ತವೆ. ಹಾಲಿವುಡ್ಡಿಗೂ ಈ ಅನುಭವವಾಗಿದೆ. 1998ರಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳು ಒಂದು ತಪ್ಪು ಆದೇಶದಿಂದ ಅಳಿಸಿಹೋದವು. ಬ್ಯಾಕಪ್ ಕೂಡ ಸರಿಯಾಗಿ ಕೆಲಸ ಮಾಡಿರಲಿಲ್ಲ. ಹೆರಿಗೆಯ ಬಳಿಕ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ಸಿಬ್ಬಂದಿಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು.

ಮಾರ್ಚ್ 31ರ ಕೆಲಸ

ಆ ಕಥೆಯ ನೀತಿ ಎರಡು. ಒಂದು, ಪ್ರತಿ ಇನ್ನೊಂದು ಮನೆಯಲ್ಲೂ ಇರಬೇಕು. ಎರಡು, ಬ್ಯಾಕಪ್ ಇದೆಯೆಂದು ನಂಬಿದರೆ ಸಾಲದು, ತೆರೆದು ನೋಡಬೇಕು. ತಂತ್ರಜ್ಞರು ಹೇಳುವ 3-2-1 ಸೂತ್ರವೂ ಇದೇ. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಸಂಘಗಳ ಮಟ್ಟಿಗೆ ಹೇಳುವುದಾದರೆ ಕಾರ್ಯದರ್ಶಿಯ ಲ್ಯಾಪ್‌ಟಾಪಿನಲ್ಲಿ ಒಂದು, ಕೋಶಾಧಿಕಾರಿಯ ಮನೆಯ ಹೊರ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು, ಸಂಘದ ಹೆಸರಿನ ಖಾತೆಯಲ್ಲಿ ಅಂತರ್ಜಾಲದ ಮೇಲೆ ಮತ್ತೊಂದು. ಅಂಬರನಾಥದಲ್ಲಿ ನೀರು ನಿಂತ ದಿನ ಉಲ್ಲಾಸನಗರದಲ್ಲೂ ನಿಂತಿರುತ್ತದೆ. ಆದುದರಿಂದ ಒಂದು ಪ್ರತಿ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇದ್ದರೆ ಇನ್ನೂ ಕ್ಷೇಮ. ಪೆನ್‌ಡ್ರೈವ್ ಸಾಗಿಸಲು ತಕ್ಕದ್ದು, ವರ್ಷಗಟ್ಟಲೆ ಕಾಪಿಡಲು ಅಲ್ಲ.

ಕಾಕತಾಳೀಯವೆಂಬಂತೆ ಮಾರ್ಚ್ 31 ವಿಶ್ವ ಬ್ಯಾಕಪ್ ದಿನ. ಸಂಘಗಳ ಆರ್ಥಿಕ ವರ್ಷ ಮುಗಿಯುವುದೂ ಅಂದೇ. ಲೆಕ್ಕಪುಸ್ತಕ ಮುಚ್ಚುವ ದಿನ ಕಡತಗಳ ನಕಲೂ ಆಗಲಿ, ಹೊಸ ಸಮಿತಿಗೆ ಅಧಿಕಾರ ಹಸ್ತಾಂತರಿಸುವ ಪಟ್ಟಿಯಲ್ಲಿ ಪಾಸ್‌ವರ್ಡ್ ಮತ್ತು ರಿಕವರಿ ಕೀ ಸೇರಲಿ ಎಂಬ ಎರಡು ಸಾಲಿನ ನಿರ್ಣಯವನ್ನು ಮುಂದಿನ ಸಭೆಯಲ್ಲಿ ಮಂಡಿಸಿದರೆ ವಿರೋಧಿಸುವವರು ಯಾರೂ ಇರಲಾರರು.

ಅಂಬರನಾಥದ ಶಿವಮಂದಿರದಲ್ಲಿ ಶಕ ವರ್ಷ 982, ಅಂದರೆ ಕ್ರಿ.ಶ. 1060ರ ಶಿಲಾಶಾಸನವಿತ್ತು ಎಂಬುದರಿಂದಲೇ ಅದು ಶಿಲಾಹಾರ ಅರಸರ ಕಾಲದ್ದೆಂದು ಇಂದಿಗೂ ಹೇಳಲು ಸಾಧ್ಯವಾಗಿದೆ. ಸಂಘದ ಕಡತಗಳನ್ನು ಕಲ್ಲಿನಲ್ಲಿ ಕೊರೆಯಲು ಆಗದು. ಆದರೆ ಮೊದಲ ಸಮಿತಿಯವರ ಕಪ್ಪು-ಬಿಳುಪು ಭಾವಚಿತ್ರ, ಅಗಲಿದ ಕಲಾವಿದರ ಯಕ್ಷಗಾನದ ಧ್ವನಿಮುದ್ರಣ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ನೆನಪಿನ ಬರಹ ಇವು ಮತ್ತೊಮ್ಮೆ ಸಿಗುವಂತಹವಲ್ಲ. ಲ್ಯಾಪ್‌ಟಾಪ್ ಹೋದರೆ ಸದಸ್ಯರು ಸೇರಿ ಇನ್ನೊಂದು ಕೊಳ್ಳಬಹುದು. ಇವನ್ನು ಕೊಳ್ಳಲು ಯಾವ ಅಂಗಡಿಯೂ ಇಲ್ಲ. ಆದುದರಿಂದ ಯಂತ್ರ ಸರಿಯಿರುವ ಇಂದೇ ಒಂದು ಗಂಟೆ ಬಿಡುವು ಮಾಡಿಕೊಂಡು ಕಡತಗಳ ಇನ್ನೊಂದು ಪ್ರತಿ ಮಾಡಿಡುವುದು ಪ್ರತಿಯೊಂದು ಸಂಘದ ಕರ್ತವ್ಯ.